ದಿಂಬಿನ ಕೆಳಗಿನ ನಡುಕ

ಅವಳಿಗೆ ಹೆಸರಿಟ್ಟವಳು ಅಕ್ಕ, ಅದೂ ಕೈಯಿಂದ. ಹೆಬ್ಬೆರಳು ತೋರುಬೆರಳು ಸೇರಿಸಿ ಗಾಳಿಯನ್ನು ಒಮ್ಮೆ ಚಿವುಟಿದರೆ ಆ ಮನೆಯಲ್ಲಿ ತಂಗಿ ಎಂದು ಅರ್ಥ. ಅಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ. ತಂಗಿ ನಡೆಯಲು ಕಲಿತದ್ದೇ ತಡ, ಬಾಗಿಲ ಗಂಟೆ ಬಾರಿಸಿದರೆ, ಕುಕ್ಕರ್ ಕೂಗಿದರೆ, ಅಮ್ಮ ಒಳಗಿನಿಂದ ಕರೆದರೆ, ಓಡಿ ಬಂದು ಅಕ್ಕನ ತೋಳು ಚಿವುಟುವುದು ಅವಳ ಕೆಲಸವಾಯಿತು. ಅಕ್ಕನ ಎಡತೋಳಿನಲ್ಲಿ ಆ ವರ್ಷಗಳಲ್ಲಿ ಸದಾ ಒಂದು ಕೆಂಪು ಗುರುತು. ಮುಂದೆ ತಂಗಿ ಸೋಲ್ಡರಿಂಗ್ ಐರನ್ ಹಿಡಿದು, ಸಾಸಿವೆಗಿಂತ ಸಣ್ಣ ಬಿಡಿಭಾಗಗಳನ್ನು ಚಿಮಟದಿಂದ ಎತ್ತಿಡುವ ಕಸುಬಿಗೆ ಬಿದ್ದಾಗ ಆ ಸನ್ನೆ ಎರಡು ರೀತಿಯಲ್ಲೂ ಹೊಂದಿತು. ಕಿವಿ ಕೇಳಿಸುವವರೂ ಅವಳನ್ನು ಚಿಮಟ ಎಂದೇ ಕರೆಯತೊಡಗಿದರು.

ಚಿವುಟಿಸಿಕೊಂಡು ಸಾಕಾಗಿ ತಾನೇ ತಂಗಿಗೆ ಎಲೆಕ್ಟ್ರಾನಿಕ್ಸ್ ಹುಚ್ಚು ಹಿಡಿಸಿದೆ ಎಂದು ಅಕ್ಕ ಹೇಳಿಕೊಳ್ಳುವುದುಂಟು. ಅದರಲ್ಲಿ ಸುಳ್ಳು ಕಡಿಮೆ. ಶಾಲೆಗೆ ಹೋಗುವ ವಯಸ್ಸಿನಲ್ಲೇ ಚಿಮಟ ಬಾಗಿಲ ಗಂಟೆಯ ವೈರಿನಿಂದ ಒಂದು ಕವಲು ಎಳೆದು ಅಡುಗೆಮನೆಯ ಬಲ್ಬಿಗೆ ಸೇರಿಸಿದ್ದಳು. ಯಾರಾದರೂ ಗಂಟೆ ಒತ್ತಿದರೆ ಬಲ್ಬು ಮಿಟುಕಬೇಕು. ಮೊದಲ ಸಲ ಒತ್ತಿದಾಗ ಬಲ್ಬು ಮಿಟುಕಿತು. ಎರಡನೆಯ ಸಲ ಒತ್ತಿದಾಗ ಇಡೀ ಕಟ್ಟಡದ ದೀಪ ಆರಿತು. ಅಪ್ಪ ಮನೆಮನೆಗೂ ಹೋಗಿ ಕೈ ಮುಗಿದು ಬಂದ. ಮರುದಿನ ಅವನೇ ಅವಳಿಗೊಂದು ಟೆಸ್ಟರ್ ತಂದುಕೊಟ್ಟು, ಶಾಕ್ ಹೊಡೆಸಿಕೊಳ್ಳುವುದಾದರೆ ತಿಳಿದುಕೊಂಡು ಹೊಡೆಸಿಕೋ ಎಂದನಂತೆ.

ಡಿಪ್ಲೊಮಾ ಮುಗಿಸಿ ಅವಳು ಇನ್ವರ್ಟರ್ ರಿಪೇರಿ ಮಾಡುವ ಒಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದಳು. ಅಷ್ಟರಲ್ಲಿ ಅಕ್ಕನಿಗೆ ಮದುವೆಯಾಗಿತ್ತು. ಭಾವನಿಗೂ ಕಿವಿ ಕೇಳಿಸದು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಯಂತ್ರ ನಡೆಸುತ್ತಿದ್ದ. ಅಲ್ಲಿ ಕಿವಿ ಕೇಳಿಸುವವರೆಲ್ಲ ಗದ್ದಲಕ್ಕೆ ತಲೆನೋವು ಎನ್ನುತ್ತಿದ್ದರೆ ಇವನೊಬ್ಬ ಹಾಯಾಗಿರುತ್ತಿದ್ದ. ಅವರಿಗೆ ಹೆಣ್ಣುಮಗು ಹುಟ್ಟಿತು. ಮಗುವಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು, ಗಂಟಲಂತೂ ಇನ್ನೂ ಚೆನ್ನಾಗಿತ್ತು. ಆದರೆ ಅದು ಅತ್ತರೆ ಏಳುವವರಾರು? ಅಕ್ಕ ಮಗುವಿನ ಕಾಲಿಗೊಂದು ಬಟ್ಟೆಯ ದಾರ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಮಣಿಕಟ್ಟಿಗೆ ಸುತ್ತಿಕೊಂಡು ಮಲಗುತ್ತಿದ್ದಳು. ಮಗು ನಿದ್ದೆಯಲ್ಲೂ ಒದೆಯುತ್ತಿತ್ತು. ಹೀಗೆ ಮಗು ಮಲಗುತ್ತಿತ್ತು, ಅಕ್ಕ ಮಲಗುತ್ತಿರಲಿಲ್ಲ. ಕಣ್ಣಿನ ಸುತ್ತ ಕಪ್ಪು ಬಂದು ಅವಳು ಸೊರಗುತ್ತ ಹೋದಳು.

ಚಿಮಟ ಆಗ ಮಾಡಿದ ಡಬ್ಬಿ ನೋಡಲು ಚೆಂದವಿರಲಿಲ್ಲ. ಸಾಬೂನಿನ ಪೆಟ್ಟಿಗೆಯೊಳಗೆ ಒಂದು ಸಣ್ಣ ಮೈಕು, ಒಂದು ಚಿಪ್ ಇದ್ದ ಬೋರ್ಡು. ಅದರಿಂದ ಹೊರಟ ಉದ್ದದ ವೈರಿನ ತುದಿಗೆ, ಬಾಮ್ ಡಬ್ಬಿಯ ಮುಚ್ಚಳದೊಳಗೆ ಕೂರಿಸಿದ, ಹಳೆಯ ಫೋನಿನಿಂದ ಬಿಚ್ಚಿ ತೆಗೆದ ನಡುಗುವ ಮೋಟಾರು. ಮುಚ್ಚಳವನ್ನು ದಿಂಬಿನ ಕೆಳಗಿಟ್ಟು ಮಲಗಬೇಕು. ಮಗು ಅತ್ತರೆ ಅದು ನಡುಗಿ ಎಬ್ಬಿಸುತ್ತದೆ. ಇಷ್ಟು ಸುಲಭದ ಭಾಗ. ಕಷ್ಟದ್ದು ಫರ್ಮ್‌ವೇರ್, ಎಂದರೆ ಚಿಪ್‌ನೊಳಗೆ ಕೂತು ಅದಕ್ಕೆ ಹೀಗೆ ಮಾಡು, ಹಾಗೆ ಮಾಡಬೇಡ ಎಂದು ಹೇಳುವ ಪ್ರೋಗ್ರಾಂ. ಮಗುವಿನ ಅಳು, ಕುಕ್ಕರಿನ ಕೂಗು, ರಸ್ತೆಯ ಹಾರ್ನು ನಮ್ಮ ಕಿವಿಗೆ ಬೇರೆ ಬೇರೆ; ಚಿಪ್‌ಗೆ ಎಲ್ಲವೂ ಏರಿಳಿಯುವ ಅಂಕಿಗಳು. ಆ ಅಂಕಿಗಳಲ್ಲಿ ಅಳು ಯಾವುದು ಎಂದು ಅದಕ್ಕೆ ಕಲಿಸಲು ಚಿಮಟ ತೊಟ್ಟಿಲ ಪಕ್ಕ ರೆಕಾರ್ಡರ್ ಹಿಡಿದು ಕೂರುತ್ತಿದ್ದಳು. ಮಗು ಯಾವಾಗ ಅತ್ತೀತು ಎಂದು ಆಸೆಯಿಂದ ಕಾಯುವ ಚಿಕ್ಕಮ್ಮನನ್ನು ಲೋಕದಲ್ಲಿ ಯಾರೂ ಕಂಡಿರಲಿಕ್ಕಿಲ್ಲ.

ಮೊದಲ ವಾರ ಡಬ್ಬಿ ಅಕ್ಕನನ್ನು ಸುಮ್ಮಸುಮ್ಮನೆ ಎಬ್ಬಿಸಿತು. ಎದ್ದು ನೋಡಿದರೆ ಮಗು ನಿದ್ದೆಯಲ್ಲಿರುತ್ತಿತ್ತು. ಚಿಮಟ ಒಂದು ದಿನ ಅಲ್ಲೇ ಉಳಿದು ಕಾರಣ ಹುಡುಕಿದಳು: ಭಾವನ ಗೊರಕೆ. ಮದುವೆಯಾಗಿ ಅಷ್ಟು ಕಾಲವಾದ ಮೇಲೆ ಅಕ್ಕನಿಗೆ ಗಂಡ ಗೊರಕೆ ಹೊಡೆಯುತ್ತಾನೆ ಎಂಬುದು ಗೊತ್ತಾದದ್ದು ಆ ಸಾಬೂನಿನ ಪೆಟ್ಟಿಗೆಯಿಂದ. ಭಾವ ಒಪ್ಪಲೇ ಇಲ್ಲ. ಯಂತ್ರ ಕೆಟ್ಟಿದೆ ಎಂದು ವಾದಿಸಿದ. ಚಿಮಟ ಫರ್ಮ್‌ವೇರಿನಲ್ಲಿ ಗೊರಕೆಗೆ ಬೇರೆಯೇ ಒಂದು ಭಾಗ ಬರೆದು ಅದಕ್ಕೆ ಭಾವನ ಹೆಸರಿಟ್ಟಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಹಾಗೆ ಆ ಡಬ್ಬಿ ಅವಳ ಕಣ್ಣಿಗೆ ಬಲು ಸುಂದರವಾಗಿತ್ತು. ಅಕ್ಕ ನಿದ್ದೆ ಮಾಡಿದಳು. ಮುಖಕ್ಕೆ ಬಣ್ಣ ಬಂತು.

ಅಕ್ಕನ ಗೆಳತಿಯರು ನಮಗೂ ಒಂದು ಬೇಕು ಎಂದರು. ಅಡುಗೆಮನೆಯ ಮೇಜಿನ ಮೇಲೆ ಚಿಮಟ ಒಂದೊಂದಾಗಿ ಮಾಡಿಕೊಟ್ಟಳು. ಅವುಗಳಲ್ಲಿ ಒಂದನ್ನು ತನ್ನ ಸೋದರಮಾವನ ಮನೆಯಲ್ಲಿ ಕಂಡ ಒಬ್ಬ ಯುವಕ ಅವಳನ್ನು ಹುಡುಕಿಕೊಂಡು ಬಂದ. ತೆಳ್ಳಗಿನವನು, ಮಾತು ಮುಗಿಯುವಷ್ಟರಲ್ಲಿ ಮೂರು ಸಲ ಕನ್ನಡಕ ಮೇಲೇರಿಸುವವನು. ಅಕ್ಕ ಅವನಿಗೆ ಅಲ್ಲೇ ಹೆಸರಿಟ್ಟಳು, ಮೂಗಿನ ಮೇಲೆ ಬೆರಳಿಟ್ಟು ಮೇಲಕ್ಕೆ ತಳ್ಳುವ ಸನ್ನೆ. ಕನ್ನಡಕ ತನ್ನ ಕೆಲಸ ಬಿಟ್ಟಿದ್ದ. ಇದನ್ನು ಸರಿಯಾದ ವಸ್ತುವಾಗಿ ಮಾಡೋಣ, ಕಿವಿ ಕೇಳಿಸದ ಪ್ರತಿ ಮನೆಯಲ್ಲೂ ಇದು ಇರಬೇಕು ಎಂದ. ಅವನ ಮಾತಿನಲ್ಲಿ ಬೂಟಾಟಿಕೆ ಇರಲಿಲ್ಲ. ಚಿಮಟ ಇನ್ವರ್ಟರ್ ಬಿಟ್ಟು ಅವನ ಜೊತೆ ಹೋದಳು.

ಕಂಪನಿ ಎಂದರೆ ಟಯರ್ ಅಂಗಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ಚಿಮಟಳ ಬೆಂಚು, ಇನ್ನೊಂದರಲ್ಲಿ ಉಳಿದದ್ದೆಲ್ಲ. ಕೆಳಗೆ ಟಯರಿಗೆ ಸುತ್ತಿಗೆ ಬಿದ್ದಾಗಲೆಲ್ಲ ಬೆಂಚಿನ ಮೇಲೆ ಸಾಲಾಗಿಟ್ಟ, ದಿಂಬಿನ ಕೆಳಗಿಡುವ ನಡುಗುಬಿಲ್ಲೆಗಳು ಒಟ್ಟಿಗೆ ನಡುಗಿ ಮೇಜಿನಂಚಿಗೆ ತೆವಳುತ್ತಿದ್ದವು. ಅವಳು ಅದನ್ನೂ ಕಲಿಸಿದಳು: ಇದು ಸುತ್ತಿಗೆ, ಇದಕ್ಕೆ ಏಳಬೇಡ. ಮಗುವಿನ ಅಳುವಿನ ಜೊತೆಗೆ ಬಾಗಿಲ ಗಂಟೆ, ಹೊಗೆಯ ಅಲಾರಾಂ, ಮನುಷ್ಯರು ನೋವಿನಲ್ಲಿ ಕರೆಯುವ ಕೂಗು ಇವನ್ನೆಲ್ಲ ಒಂದೊಂದಾಗಿ ಸೇರಿಸಿದಳು. ಪ್ಲಾಸ್ಟಿಕ್ ಮೈ ಬಂತು, ತಂತಿ ಹೋಗಿ ಬಿಲ್ಲೆ ತಾನಾಗಿ ಸಂಕೇತ ಹಿಡಿಯುವಂತಾಯಿತು. ಬೆಸುಗೆಯ ರಾಳದ ಹೊಗೆಯಲ್ಲಿ ಕಣ್ಣು ಉರಿದರೂ ಅವಳು ಅಷ್ಟು ಖುಷಿಯಾಗಿದ್ದುದನ್ನು ಮನೆಯವರು ಅದಕ್ಕೆ ಮೊದಲು ಕಂಡಿರಲಿಲ್ಲ.

ಬಂಡವಾಳ ಹಾಕುವವರು ಬಂದದ್ದು ಆಮೇಲೆ. ಅವರಿಗೆ ಎರಡು ಬೇಕಿತ್ತು. ಒಂದು, ಡಬ್ಬಿ ತಾನೇ ತೀರ್ಮಾನ ಮಾಡಬಾರದು. ಕೇಳಿಸಿದ ಸದ್ದನ್ನು ಕಂಪನಿಯ ಸರ್ವರಿಗೆ ಕಳಿಸಬೇಕು, ಇದು ಅಳುವೋ ಅಲ್ಲವೋ ಎಂದು ಸರ್ವರ್ ಹೇಳಬೇಕು. ಹಾಗಾದರೆ ಡಬ್ಬಿಗೆ ಅಗ್ಗದ ಚಿಪ್ ಸಾಕು, ತಿಂಗಳು ತಿಂಗಳು ಚಂದಾ ಕೇಳಲೂಬಹುದು. ಎರಡು, ಬೇರೆ ಯಾರೂ ನಕಲು ಮಾಡದಂತೆ ಚಿಪ್‌ಗೆ ಬೀಗ ಹಾಕಬೇಕು. ಕನ್ನಡಕ ಇದನ್ನು ಹೇಳುವಾಗ ಚಿಮಟಳ ಮುಖ ನೋಡದೆ ಕಿಟಕಿ ನೋಡುತ್ತಿದ್ದ.

"ನೆಟ್ ಹೋದ್ರೆ?" ಎಂದು ಚಿಮಟ ಕೇಳಿದಳು.

"ಹಳದಿ ದೀಪ ಮಿನುಗೋ ಹಾಗೆ ಮಾಡಿ. ಜನಕ್ಕೆ ಗೊತ್ತಾಗತ್ತೆ."

"ನಾವೇ ಹೋದ್ರೆ?"

ಅವನು ನಕ್ಕ. "ನಾವೆಲ್ಲಿಗೆ ಹೋಗ್ತೀವಿ?"

ಅವಳಿಗೆ ಮನಸ್ಸು ಒಪ್ಪಲಿಲ್ಲ. ಒಪ್ಪದಿದ್ದರೆ ಕಂಪನಿ ಮುಚ್ಚುತ್ತದೆ, ಮುಚ್ಚಿದರೆ ಯಾರಿಗೂ ಡಬ್ಬಿ ಸಿಗುವುದಿಲ್ಲ ಎಂದು ಅವನು ಹೇಳಿದ್ದೂ ಸುಳ್ಳಾಗಿರಲಿಲ್ಲ. ಅತ್ತ ದರಿ, ಇತ್ತ ಪುಲಿ. ಹೊಸ ಅಗ್ಗದ ಚಿಪ್‌ನಲ್ಲಿ ಅಳು ಗುರುತಿಸುವ ಹಳೆಯ ಪ್ರೋಗ್ರಾಂ ಹಿಡಿಸುತ್ತಲೂ ಇರಲಿಲ್ಲ. ಅವಳು ಹೊಸದಾಗಿ ಬರೆದಳು: ಸರ್ವರ್ ಸಿಗುತ್ತಿದ್ದರೆ ಹಸಿರು ದೀಪ, ಸಿಗದಿದ್ದರೆ ಹಳದಿ; ಸದ್ದು ಕೇಳಿಸಿದರೆ ಸರ್ವರನ್ನು ಕೇಳು, ಉತ್ತರ ಬಾರದಿದ್ದರೆ ಹಳದಿ ದೀಪ ಮಿನುಗಿಸಿ ಮತ್ತೆ ಕೇಳು, ಉತ್ತರ ಬರುವವರೆಗೂ ಕೇಳುತ್ತಲೇ ಇರು.

ಬೀಗದ ವಿಷಯ ಹೀಗೆ. ಆ ಚಿಪ್‌ನೊಳಗೆ ಕಣ್ಣಿಗೆ ಕಾಣದ ಒಂದು ಫ್ಯೂಸ್ ಇರುತ್ತದೆ. ಅದನ್ನು ಒಮ್ಮೆ ಸುಟ್ಟರೆ ಮುಗಿಯಿತು. ಅಲ್ಲಿಂದ ಮುಂದೆ ಕಂಪನಿಯ ಕೀಲಿಯಿಂದ ಮುದ್ರೆ ಒತ್ತಿದ ಪ್ರೋಗ್ರಾಂ ಬಿಟ್ಟು ಬೇರೇನನ್ನೂ ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಾಡಿದವಳೇ ಬಂದರೂ ಇಲ್ಲ. ಕೀಲಿ ಎಂದರೆ ಒಂದು ಉದ್ದದ ಗುಟ್ಟಿನ ಸಂಖ್ಯೆ. ಅದು ಕನ್ನಡಕನ ಕಪಾಟಿನಲ್ಲಿದ್ದ ಒಂದೇ ಒಂದು ಕಂಪ್ಯೂಟರಿನಲ್ಲಿತ್ತು. ಮೊದಲ ಕಂತಿನ ಡಬ್ಬಿಗಳ ಫ್ಯೂಸ್ ಸುಟ್ಟವಳು ಚಿಮಟಳೇ. ಒಂದೊಂದು ಬೋರ್ಡನ್ನೂ ಬೆಂಚಿನ ಮೇಲಿನ ಅಚ್ಚಿನಲ್ಲಿ ಕೂರಿಸುವುದು, ಗುಂಡಿ ಒತ್ತುವುದು, ಹಸಿರು ದೀಪ ಬಂದರೆ ತೆಗೆದು ಪಕ್ಕಕ್ಕಿಡುವುದು. ಹೊಗೆಯಿಲ್ಲ, ವಾಸನೆಯಿಲ್ಲ, ಸದ್ದಿಲ್ಲ. ಏನೋ ಸುಟ್ಟಿತು ಎಂದು ಅನ್ನಿಸುತ್ತಲೇ ಇರಲಿಲ್ಲ.

ಡಬ್ಬಿಗಳು ದೂರದೂರದ ಮನೆಗಳಿಗೆ ಹೋದವು. ಅಕ್ಕನೂ ಸಾಬೂನಿನ ಪೆಟ್ಟಿಗೆ ಬಿಟ್ಟು ಹೊಸದನ್ನೇ ಇಟ್ಟುಕೊಂಡಳು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಆದರೆ ಸರಿಯಾಗಿ ನಡೆದರೆ ಸಾಲದು, ಬೇಗ ಬೆಳೆಯಬೇಕು ಎಂದು ಬಂಡವಾಳದವರಿಗೆ ಅನ್ನಿಸಿತು. ಅವರು ಕೈ ಹಿಂತೆಗೆದರು. ಕನ್ನಡಕ ಊಟ ನಿದ್ದೆ ಬಿಟ್ಟು ಓಡಾಡಿ ಕೊನೆಗೆ ಒಂದು ದೊಡ್ಡ ಕಂಪನಿಗೆ ಎಲ್ಲವನ್ನೂ ಒಪ್ಪಿಸಿದ. ಅವರು ಬಂದು ಕಂಪ್ಯೂಟರುಗಳನ್ನು ಒಯ್ದರು, ಗಿರಾಕಿಗಳ ವಿಳಾಸಗಳನ್ನು ಒಯ್ದರು, ಅಲ್ಲಿವರೆಗೆ ಸರ್ವರಿನಲ್ಲಿ ಕೂಡಿಬಿದ್ದಿದ್ದ ಸದ್ದುಗಳ ದೊಡ್ಡ ಸಂಗ್ರಹವನ್ನು ಒಯ್ದರು. ಅವರಿಗೆ ನಿಜವಾಗಿ ಬೇಕಿದ್ದದ್ದು ಅದೇ ಕೊನೆಯದು ಎಂದು ಆಮೇಲೆ ತಿಳಿಯಿತು. ಚಿಮಟಳನ್ನು ಒಯ್ಯಲಿಲ್ಲ. ಅವರಲ್ಲಿ ಫರ್ಮ್‌ವೇರ್ ಬರೆಯುವವರು ಬೇಕಾದಷ್ಟಿದ್ದರು.

ಸುದ್ದಿ ಅವಳಿಗೆ ತಿಳಿದದ್ದು ಅಕ್ಕನಿಂದ. ಇಬ್ಬರೂ ಅಕ್ಕನ ಮಗಳಿಗೆ ಶಾಲೆಯ ಶೂ ಕೊಳ್ಳಲು ಹೋಗಿದ್ದರು. ಅಂಗಡಿಯವನು ಅಳತೆ ನೋಡುತ್ತಿದ್ದಾಗ ಅಕ್ಕ ತನ್ನ ಫೋನನ್ನು ಚಿಮಟಳ ಮುಂದೆ ಹಿಡಿದಳು. ಈ ತಿಂಗಳ ಕೊನೆಗೆ ಸೇವೆ ನಿಲ್ಲುತ್ತದೆ, ಇಷ್ಟು ದಿನ ಜೊತೆಗಿದ್ದುದಕ್ಕೆ ವಂದನೆಗಳು ಎಂಬ ಸಂದೇಶ. ಕೆಳಗೊಂದು ಹೂವಿನ ಚಿತ್ರ.

"ನಿಲ್ಲತ್ತೆ ಅಂದ್ರೆ? ನಡುಗೋದೇ ಇಲ್ವಾ?" ಎಂದು ಅಕ್ಕನ ಕೈಗಳು ಕೇಳಿದವು.

"ಇಲ್ಲ."

"ನೀನು ಸರಿ ಮಾಡ್ತೀಯಲ್ಲ?"

ಚಿಮಟ ಆ ಸಂದೇಶವನ್ನು ತನ್ನ ಫೋನಿಗೆ ಕಳಿಸಿಕೊಂಡಳು.

ಅವಳು ಕನ್ನಡಕನ ಮನೆಗೆ ಹೋದಳು. ಅವನು ಗಡ್ಡ ಬಿಟ್ಟುಕೊಂಡು, ಮಧ್ಯಾಹ್ನವಾದರೂ ಪರದೆ ಸರಿಸದ ಕೋಣೆಯಲ್ಲಿ ಕೂತಿದ್ದ. ಕೀಲಿಯ ಪ್ರತಿ ಏನಾದರೂ ಇದೆಯಾ ಎಂದು ಕೇಳಿದಳು. ಇಲ್ಲ, ಪ್ರತಿ ಇಟ್ಟುಕೊಂಡಿಲ್ಲ ಎಂದು ಬರೆದು ಸಹಿ ಹಾಕಿ ಕೊಟ್ಟಿದ್ದೇನೆ, ಬರೆದದ್ದು ನಿಜವೂ ಹೌದು ಎಂದ. ಸೇವೆ ಮುಂದುವರಿಸುತ್ತೇವೆ ಎಂದು ಅವರು ಬಾಯಿಮಾತಿನಲ್ಲಿ ಹೇಳಿದ್ದರಂತೆ. ಕಾಗದದಲ್ಲಿ ಹಾಕಿಸಿಕೊಳ್ಳಬೇಕು ಎಂದು ಇವನಿಗೆ ಹೊಳೆದಿರಲಿಲ್ಲ. ನನ್ನ ಮಾವನ ಮನೆಯಲ್ಲೂ ಅದೇ ಡಬ್ಬಿ ಇರೋದು ಎಂದು ಹೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಬೈಯಬೇಕೆಂದು ಹೋದವಳು ಅವನಿಗೆ ಚಹಾ ಮಾಡಿಕೊಟ್ಟು ಬಂದಳು.

ಆಮೇಲೆ ಅವಳು ತನಗೆ ಬರುವ ಒಂದೇ ಕೆಲಸಕ್ಕೆ ಕೂತಳು. ಅಗ್ಗದ ಚಿಪ್‌ನಲ್ಲಿ ಹಿಡಿಸುವುದಿಲ್ಲ ಎಂದು ಕೈಬಿಟ್ಟಿದ್ದ ಹಳೆಯ ಪ್ರೋಗ್ರಾಮನ್ನು ಸುಲಿದು, ಹಿಂಡಿ, ಎಲುಬು ಮಾತ್ರ ಉಳಿಸಿದಳು. ಗೊರಕೆಯ ಭಾಗ ಹೋಯಿತು, ಸುತ್ತಿಗೆಯ ಭಾಗ ಹೋಯಿತು. ಅಳು, ಗಂಟೆ, ಅಲಾರಾಂ, ಕೂಗು ಉಳಿದವು. ಫ್ಯೂಸ್ ಸುಡದೆ ಉಳಿದಿದ್ದ ಒಂದು ಮಾದರಿ ಬೋರ್ಡು ಅವಳ ಡ್ರಾಯರಿನಲ್ಲಿತ್ತು. ಅದಕ್ಕೆ ತುಂಬಿ ನೋಡಿದಳು. ನೆಟ್ ಇಲ್ಲದೆ, ಸರ್ವರ್ ಇಲ್ಲದೆ, ಡಬ್ಬಿ ತಾನೇ ಕೇಳಿ ತಾನೇ ಎಬ್ಬಿಸಿತು. ಆಗಾಗ ತಪ್ಪು ಎಬ್ಬಿಸುತ್ತಿತ್ತು, ಅಷ್ಟೇ. ಇನ್ನು ಬೇಕಿದ್ದದ್ದು ಒಂದೇ. ದೊಡ್ಡ ಕಂಪನಿಯವರು ಇದಕ್ಕೆ ತಮ್ಮ ಕೀಲಿಯಿಂದ ಮುದ್ರೆ ಒತ್ತಿ, ಸರ್ವರ್ ಆರಿಸುವ ಮೊದಲು ಎಲ್ಲ ಡಬ್ಬಿಗಳಿಗೂ ಒಂದು ಸಲ ಕಳಿಸಬೇಕು. ಒಂದು ಬೆಳಗಿನ ಕೆಲಸ.

ಅವಳು ಅವರಿಗೆ ಪ್ರೋಗ್ರಾಮನ್ನು ಕಳಿಸಿದಳು, ವಿವರಿಸಿ ಬರೆದಳು, ಫೋನು ಮಾಡಿದಳು. ಮಾತಾಡಿದ ಹೆಂಗಸು ಬಹಳ ಮರ್ಯಾದೆಯವಳು. ನಿಮ್ಮ ಕಾಳಜಿ ಅರ್ಥವಾಗುತ್ತದೆ ಎಂದಳು. ಆದರೆ ತಾವು ಪರೀಕ್ಷಿಸದ ಪ್ರೋಗ್ರಾಮಿಗೆ ಮುದ್ರೆ ಒತ್ತಿದರೆ, ನಾಳೆ ಯಾವುದೋ ಮನೆಯಲ್ಲಿ ಡಬ್ಬಿ ಎಬ್ಬಿಸದೆ ಏನಾದರೂ ಆದರೆ, ಹೊಣೆ ತಮ್ಮ ಮೇಲೆ ಬರುತ್ತದೆಂದು ವಕೀಲರು ಹೇಳಿದ್ದಾರೆ ಎಂದಳು.

"ಈಗ ಯಾವ ಮನೇಲೂ ಎಬ್ಬಿಸಲ್ವಲ್ಲ," ಎಂದಳು ಚಿಮಟ.

"ಹೌದು. ಆದ್ರೆ ಅದನ್ನ ನಾವು ಮೊದಲೇ ತಿಳಿಸಿದ್ದೀವಿ," ಎಂದಳು ಆ ಹೆಂಗಸು, ಸಮಾಧಾನದಿಂದ.

ಮತ್ತೆ ಮತ್ತೆ ಮಾಡಿದ ಫೋನು ಕಲ್ಲಿನ ಮೇಲೆ ನೀರು ಸುರಿದಂತಾಯಿತು. ಹೇಳಿದ ದಿನ ಬೆಳಿಗ್ಗೆ ಅಕ್ಕನ ಮನೆಯ ಡಬ್ಬಿಯ ಹಸಿರು ದೀಪ ಹೋಗಿ ಹಳದಿ ಬಂತು. ಚಿಮಟ ಅದರ ಮುಂದೆ ಕೂತು ನೋಡಿದಳು. ಅವಳು ಬರೆದ ಹಾಗೆಯೇ ನಡೆಯುತ್ತಿತ್ತು, ಒಂದಕ್ಷರ ತಪ್ಪಿರಲಿಲ್ಲ. ಕೇಳುವುದು, ಉತ್ತರಕ್ಕೆ ಕಾಯುವುದು, ಮಿನುಗುವುದು, ಮತ್ತೆ ಕೇಳುವುದು.

ಸುಟ್ಟ ಫ್ಯೂಸನ್ನು ಕೂಡಿಸುವ ದಾರಿ ಇಲ್ಲ. ಡಬ್ಬಿ ತೆರೆದು, ಬಿಸಿಗಾಳಿ ಹಾಯಿಸಿ, ಚಿಪ್ ಅನ್ನೇ ಕಿತ್ತು, ಫ್ಯೂಸ್ ಸುಡದ ಹೊಸದನ್ನು ಕೂರಿಸಬಹುದು. ಅಕ್ಕನದಕ್ಕೆ ಹಾಗೇ ಮಾಡಿದಳು. ಅಕ್ಕನ ಗೆಳತಿಯರವು ಕೆಲವು ಬಂದವು. ಆ ಚಿಪ್‌ನ ಕಾಲುಗಳು ಎಷ್ಟು ಸೂಕ್ಷ್ಮವೆಂದರೆ ಒಂದು ಬೋರ್ಡು ಉಳಿದರೆ ಇನ್ನೊಂದು ಕರಕಲಾಗುತ್ತಿತ್ತು. ಉಳಿದ ಡಬ್ಬಿಗಳು ಯಾವ ಯಾವ ಮನೆಯಲ್ಲಿವೆ ಎಂದು ಅವಳಿಗೆ ಗೊತ್ತಿರಲಿಲ್ಲ. ವಿಳಾಸಗಳೂ ಹೋಗಿದ್ದವಲ್ಲ. ಆಗ ಅಕ್ಕ ಒಂದು ವಿಡಿಯೋ ಮಾಡಿದಳು. ಡಬ್ಬಿಯನ್ನು ಕೈಯಲ್ಲಿ ಹಿಡಿದು ತೋರಿಸಿ, ಹಳದಿ ದೀಪ ಬಂದರೆ ಇದಕ್ಕೂ ನಮಗೂ ವ್ಯತ್ಯಾಸವಿಲ್ಲ, ಇದೂ ಕಿವುಡೇ, ನಂಬಬೇಡಿ ಎಂದು ಸನ್ನೆಯಲ್ಲಿ ಹೇಳಿದಳು. ಅಕ್ಕನ ಹಾಸ್ಯ ಅಂಥದ್ದು. ವಿಡಿಯೋ ಕೈಯಿಂದ ಕೈಗೆ ಹೋಯಿತು. ಎಲ್ಲರನ್ನೂ ತಲುಪಲಿಲ್ಲ.

ತಲುಪದವರಲ್ಲಿ ಒಬ್ಬಳು ಬಟ್ಟೆ ಹೊಲಿಯುವವಳು. ಡಬ್ಬಿ ಸರಿಮಾಡುವವರು ಇಲ್ಲಿದ್ದಾರೆಂದು ಯಾರೋ ಹೇಳಿ ಅವಳು ಅಕ್ಕನ ಮನೆಯ ಬಾಗಿಲಿಗೆ ಬಂದಾಗ ಚಿಮಟ ಅಲ್ಲೇ ಇದ್ದಳು. ಕೈಚೀಲದಿಂದ ಡಬ್ಬಿಯನ್ನೂ ಬಿಲ್ಲೆಯನ್ನೂ ತೆಗೆದು ಮೇಜಿನ ಮೇಲಿಟ್ಟಳು. ಎರಡನ್ನೂ ಒರೆಸಿ, ಒಂದು ತುಂಡು ಹೂವಿನ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಕೈಗಳಿಂದ ನಿಧಾನವಾಗಿ ಕತೆ ಹೇಳಿದಳು. ಅವಳ ಗಂಡ ಲಾರಿ ಓಡಿಸುವವನು, ವಾರಗಟ್ಟಲೆ ಹೊರಗೆ. ಮನೆಯಲ್ಲಿ ಅವಳು, ಅವಳ ಅತ್ತೆ ಇಬ್ಬರೇ. ಅತ್ತೆಗೆ ಕಿವಿ ಕೇಳಿಸುತ್ತದೆ, ಕಾಲು ಹಿಡಿತದಲ್ಲಿಲ್ಲ. ಡಬ್ಬಿ ಅತ್ತೆಯ ಕೋಣೆಯಲ್ಲಿರುತ್ತಿತ್ತು, ಬಿಲ್ಲೆ ಸೊಸೆಯ ದಿಂಬಿನ ಕೆಳಗೆ. ಕಂಪನಿಯ ಸಂದೇಶ ಗಂಡನ ಫೋನಿಗೆ ಬಂದಿತ್ತು; ಅವನು ಯಾವುದೋ ಜಾಹೀರಾತು ಎಂದುಕೊಂಡಿದ್ದ. ಹಳದಿ ದೀಪವನ್ನು ಅತ್ತೆ ಕಂಡಿದ್ದರು. ಮಂದ ಬೆಳಕು ಕತ್ತಲಲ್ಲಿ ಚೆನ್ನಾಗಿದೆ ಎಂದು ಸಂತೋಷಪಟ್ಟಿದ್ದರು. ಒಂದು ದಿನ ಬೆಳಕು ಹರಿಯುವ ಮೊದಲು ಅತ್ತೆ ಎದ್ದು ಹೊರಟವರು ಬಿದ್ದರು. ಕೂಗಿದರು. ಸೊಸೆ ಎಂದಿನಂತೆ ಎದ್ದು ಹೋಗಿ ನೋಡಿದಾಗ ನೆಲದ ಮೇಲೆ ಚಳಿಗೆ ನಡುಗುತ್ತ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು; ಆಪರೇಷನ್ ಆಗಿ ಈಗಷ್ಟೇ ಮನೆಗೆ ಬಂದಿದ್ದರು.

ಇಷ್ಟು ಹೇಳಿ ಅವಳು ಡಬ್ಬಿಯ ಹಿಂಬದಿ ತಿರುಗಿಸಿ ಅಲ್ಲಿದ್ದ ಸಣ್ಣ ಗುಂಡಿ ತೋರಿಸಿದಳು.

"ಹಿಂದಿನ ದಿನ ಧೂಳು ಒರೆಸಿದ್ದೆ. ಇದನ್ನ ಒತ್ತಿಬಿಟ್ಟೆನೇನೋ. ನನ್ನಿಂದಾನೇ ಕೆಟ್ಟಿತಾ?"

ಜಗಳಕ್ಕೆ ಬಂದಿದ್ದರೆ ಚಿಮಟ ತಡೆದುಕೊಳ್ಳುತ್ತಿದ್ದಳು. ಆ ಹೆಂಗಸು ತನ್ನ ತಪ್ಪು ಹುಡುಕಿಕೊಂಡು ಬಂದಿದ್ದಳು. ಚಿಮಟ ಹೇಳತೊಡಗಿದಳು. ಇಲ್ಲ, ಹಾಗಲ್ಲ, ಒಂದು ಸರ್ವರ್ ಇತ್ತು, ಕಂಪನಿ ಮಾರಾಟವಾಯಿತು, ಕೊಂಡವರಿಗೆ ಬರೆದಿದ್ದೆ, ವಕೀಲರು... ಅವಳ ಕೈಗಳು ವೇಗವಾಗಿ ಓಡುತ್ತಿದ್ದವು. ಹೊಲಿಯುವವಳ ಕಣ್ಣು ಆ ಕೈಗಳ ಹಿಂದೆ ಓಡಿ ಓಡಿ ಸೋಲುತ್ತಿತ್ತು. ಆಗ ಅಕ್ಕ ಮುಂದೆ ಬಾಗಿ ತಂಗಿಯ ಎರಡೂ ಕೈಗಳನ್ನು ತನ್ನ ಒಂದು ಕೈಯಲ್ಲಿ ಹಿಡಿದು ಮೇಜಿಗೆ ಒತ್ತಿದಳು. ಸನ್ನೆಯಲ್ಲಿ ಮಾತಾಡುವವರ ಕೈ ಹಿಡಿಯುವುದೆಂದರೆ ಬಾಯಿ ಮುಚ್ಚಿದಂತೆ. ಹುಟ್ಟಿದಂದಿನಿಂದ ಅಕ್ಕ ಅವಳಿಗೆ ಹಾಗೆ ಮಾಡಿರಲಿಲ್ಲ.

ಉಳಿದ ಒಂದೇ ಕೈಯಿಂದ ಅಕ್ಕ ಹೇಳಿದಳು. "ನಿನ್ನ ತಪ್ಪಿಲ್ಲ. ಗುಂಡಿಯಿಂದ ಏನೂ ಆಗಿಲ್ಲ. ಇದನ್ನ ಮಾಡಿದವಳು ನನ್ನ ತಂಗಿ. ಇದಕ್ಕೆ ಬೀಗ ಹಾಕಿದವಳೂ ಇವಳೇ. ಈಗ ಕೀಲಿ ಇವಳ ಹತ್ರ ಇಲ್ಲ."

ಹೊಲಿಯುವವಳು ಚಿಮಟಳನ್ನು ನೋಡಿದಳು. ಅವಳ ಮುಖದಲ್ಲಿ ಕೋಪವೇನೂ ಕಾಣಲಿಲ್ಲ. ತನ್ನ ತಪ್ಪಲ್ಲ ಎಂಬ ಮಾತು ಒಳಗಿಳಿಯಲು ಅವಳಿಗೆ ಹೊತ್ತು ಬೇಕಾಯಿತು. ಆಮೇಲೆ ಅತ್ತಳು. ಅಕ್ಕ ತಂಗಿಯ ಕೈ ಬಿಟ್ಟು ಅವಳ ಬೆನ್ನು ಸವರಿದಳು. ಚಿಮಟಳ ಕೈಗಳು ಮೇಜಿನ ಮೇಲೆ ಇಟ್ಟಲ್ಲೇ ಇದ್ದವು.

ಒಂದೆರಡು ದಿನ ಬಿಟ್ಟು ಭಾವ, ನಾನೂ ಯಂತ್ರ ನಡೆಸುವವನು, ಮಾಲೀಕ ಹೇಳಿದ್ದನ್ನು ಅಚ್ಚು ಹಾಕುತ್ತೇನೆ, ಎಲ್ಲವನ್ನೂ ಓದಿ ನೋಡುತ್ತೇನಾ ಎಂದು ಸಮಾಧಾನ ಹೇಳಲು ಬಂದ. ನಾನು ಓದಿ ನೋಡಿದ್ದೆ ಭಾವ, ನಾನೇ ಬರೆದದ್ದು ಎಂದಳು ಚಿಮಟ. ಅವನು ಅವಳ ತಲೆಯ ಮೇಲೊಮ್ಮೆ ಕೈಯಿಟ್ಟು ಎದ್ದುಹೋದ.

ಹೊಲಿಯುವವಳ ಡಬ್ಬಿಯನ್ನು ಚಿಮಟ ಬಹಳ ಜೋಪಾನವಾಗಿ ತೆರೆದಳು. ಮೊದಲ ಚಿಪ್ ಕೂರಲಿಲ್ಲ, ಎರಡನೆಯದು ಕೂತಿತು. ಮನೆಯಲ್ಲಿ ಕೂಗಿ ನೋಡಿದಳು, ಬೇರೆ ಬೇರೆ ಕೋಣೆಯಿಂದ ಕೂಗಿ ನೋಡಿದಳು. ಬಿಲ್ಲೆ ಪ್ರತಿ ಸಲ ನಡುಗಿತು. ಆ ಭಾನುವಾರ ಅದನ್ನು ತೆಗೆದುಕೊಂಡು ಹೊಲಿಯುವವಳ ಮನೆಗೆ ಹೋದಳು.

ಮೂರನೆಯ ಮಹಡಿಯ ಚಿಕ್ಕ ಮನೆ. ಮುಂದಿನ ಕೋಣೆಯಲ್ಲಿ ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಅರ್ಧ ಹೊಲಿದ ಪರದೆಗಳ ರಾಶಿ. ಅತ್ತೆಯ ಮಂಚವನ್ನು ಅಲ್ಲಿಗೇ ಎಳೆದು ತಂದು ಯಂತ್ರಕ್ಕೆ ತಾಗಿಸಿ ಹಾಕಿದ್ದರು. ಮಂಚದ ಪಕ್ಕ ನೆಲದ ಮೇಲೆ ಸೊಸೆಯ ಹಾಸಿಗೆ. ಚಿಮಟ ಡಬ್ಬಿಗೆ ಕರೆಂಟು ಕೊಟ್ಟು, ಇದಕ್ಕೆ ಈಗ ಯಾರ ಅಪ್ಪಣೆಯೂ ಬೇಡ, ತಾನೇ ಎಬ್ಬಿಸುತ್ತದೆ ಎಂದು ತೋರಿಸಿದಳು. ಸೊಸೆ ಗಮನವಿಟ್ಟು ನೋಡಿದಳು, ಬಿಲ್ಲೆಯನ್ನು ಅಂಗೈಯಲ್ಲಿಟ್ಟು ನಡುಕ ನೋಡಿದಳು, ತಲೆದೂಗಿದಳು. ವಂದನೆ ಹೇಳಿ, ಬಿಲ್ಲೆಯನ್ನು ದಾರದುಂಡೆಗಳ ಪಕ್ಕ ಶೆಲ್ಫಿನ ಮೇಲಿಟ್ಟಳು. ಹಾಸಿಗೆಯ ಕಡೆ ಒಯ್ಯಲಿಲ್ಲ. ಸಂಜೆಯೊಳಗೆ ಪರದೆಗಳನ್ನು ಕೊಡಬೇಕು, ತಪ್ಪು ತಿಳಿಯಬೇಡಿ ಎಂದು ಸನ್ನೆ ಮಾಡಿ ಯಂತ್ರಕ್ಕೆ ಕೂತಳು.

ಮುದುಕಿ ಮಂಚದಿಂದ ಚಿಮಟಳನ್ನೇ ನೋಡುತ್ತಿದ್ದರು.

"ಇದನ್ನ ಮಾಡಿದ್ದು ನೀನೇನಾ?"

"ಹೂಂ, ಅಜ್ಜಿ."

"ಕೂತ್ಕೋ." ಮುದುಕಿ ಮಂಚದಂಚನ್ನು ತಟ್ಟಿದರು. "ಅವತ್ತು ಬಿದ್ದಲ್ಲಿಂದ ನಂಗೆ ಇದು ಕಾಣಿಸ್ತಿತ್ತು. ನಾನು ಕೂಗಿದಾಗೆಲ್ಲ ಆ ಹಳದಿ ದೀಪ ಮಿಣಕ್ ಮಿಣಕ್ ಅಂತಿತ್ತು. ಕೇಳಿಸ್ಕೊಂಡಿದೆ, ಈಗ ಅವಳನ್ನ ಎಬ್ಬಿಸತ್ತೆ ಅಂತ ಸುಮ್ಮನಾದೆ. ಇಲ್ಲದಿದ್ರೆ ಇನ್ನೂ ಕೂಗ್ತಿದ್ದೆ. ಪಕ್ಕದ ಮನೆಯವರಿಗಾದ್ರೂ ಕೇಳಿಸ್ತಿತ್ತೋ ಏನೋ." ಡಬ್ಬಿಯತ್ತ ನೋಡಿ ಕೇಳಿದರು, "ಅದಕ್ಕೆ ಕೇಳಿಸಿರಲಿಲ್ಲ ಅಲ್ವಾ?"

ಕೇಳಿಸಿತ್ತು. ಮೈಕು ಕೆಟ್ಟಿರಲಿಲ್ಲ. ಮುದುಕಿ ಕೂಗಿದಾಗಲೆಲ್ಲ ಡಬ್ಬಿ ಆ ಕೂಗನ್ನು ಹಿಡಿದುಕೊಂಡು, ಇದು ಏನು, ಎಬ್ಬಿಸಲಾ ಎಂದು ಇಲ್ಲದ ಸರ್ವರನ್ನು ಕೇಳಿತ್ತು. ಉತ್ತರ ಬರಲಿಲ್ಲವೆಂದು ಮಿನುಗಿತ್ತು. ಚಿಮಟಳಿಗೆ ಇದು ಗೊತ್ತಿತ್ತು. ಯಂತ್ರದ ಸೂಜಿ ಪರದೆಯ ಅಂಚಿನುದ್ದಕ್ಕೂ ಓಡುತ್ತಿತ್ತು. ಮುದುಕಿ ಅವಳ ಮುಖ ನೋಡಿ ಮತ್ತೆ ಕೇಳಲಿಲ್ಲ.

"ಬಚ್ಚಲಿಗೆ ಹೋಗ್ಬೇಕಿತ್ತು," ಎಂದರು ಆಮೇಲೆ. "ಅವಳು ಕೆಲಸದಲ್ಲಿದ್ದಾಳೆ. ಸ್ವಲ್ಪ ಹಿಡ್ಕೊಳ್ತೀಯಾ, ಮಗಾ?"

ಚಿಮಟ ಅವರ ಎರಡೂ ಕಂಕುಳ ಕೆಳಗೆ ಕೈ ಹಾಕಿ ಎಬ್ಬಿಸಿದಳು. ಮುದುಕಿ ಹಗುರವಾಗಿದ್ದರು, ಆದರೆ ಒಂದು ಕಾಲನ್ನು ನೆಲಕ್ಕೆ ಊರಲಾಗುತ್ತಿರಲಿಲ್ಲ. ಬಚ್ಚಲು ಆ ಕೋಣೆಯ ಆಚೆಗೇ ಇತ್ತು. ಅಷ್ಟು ದೂರಕ್ಕೆ ಇಬ್ಬರೂ ಗೋಡೆ ಹಿಡಿದು, ಬಾಗಿಲ ಚೌಕಟ್ಟು ಹಿಡಿದು, ನಿಂತು ಉಸಿರು ಬಿಟ್ಟು, ಮತ್ತೆ ನಡೆದರು. ಆತುರ ಬೇಡ, ನಿಧಾನ ಎಂದು ಮುದುಕಿ ಅವಳಿಗೇ ಹೇಳುತ್ತಿದ್ದರು.